ಎದುರುದಾರರಿಲ್ಲದ ಬಿಸಿ

ಮಾನ್ಯ ಓದುಗರ ಅವಗಾಹನೆಗೆ ಮೊದಲಿಗೇ ತರಬೇಕಾದ ಸಂಗತಿ ಎಂದರೆ, ನನ್ನ ಮೇಜಿನ ಮೇಲಿನ ಚಹಾ ಆರಿದೆ. ಹನ್ನೊಂದು ಗಂಟೆಗೆ ಬಂದ ಸದರಿ ಚಹಾದ ಮೇಲೆ ಹನ್ನೊಂದೂಕಾಲಿಗೆಲ್ಲ ಕೆನೆ ಕಟ್ಟಿರುತ್ತದೆ. ಈ ನಡುವಿನ ಅವಧಿಯಲ್ಲಿ ಕಪ್ಪನ್ನು ಯಾರೂ ಮುಟ್ಟಿರುವುದಿಲ್ಲ. ನಾನು ಖುದ್ದಾಗಿ ಇಲ್ಲಿಯೇ ಕುಳಿತಿದ್ದೆ. ಹಾಗಿದ್ದರೂ ಬಿಸಿ ಎಂಬುದು ನನ್ನ ಕಣ್ಣೆದುರಿಗೇ, ಪೂರ್ವಸೂಚನೆ ಕೊಡದೆ, ರಜೆಯ ಅರ್ಜಿಯನ್ನೂ ಹಾಕದೆ ಹೊರಟುಹೋಗಿದೆ. ಐವತ್ತರ ಹತ್ತಿರ ಬಂದ ಹೆಂಗಸು ಇಂಥದ್ದನ್ನು ಕಂಡಾಗ ಸುಮ್ಮನೆ ಇನ್ನೊಂದು ಕಪ್ಪು ತರಿಸಿಕೊಳ್ಳಬೇಕು. ನನ್ನಿಂದ ಅದು ಸಾಧ್ಯವಾಗುವುದಿಲ್ಲ. ಬಿಸಿಯನ್ನು ಒಯ್ದವರು ಯಾರು, ಯಾವ ದಾರಿಯಿಂದ ಒಯ್ದರು ಎಂಬುದು ತಿಳಿಯುವವರೆಗೆ ನನಗೆ ಸಮಾಧಾನವಿಲ್ಲ. "ನಿನಗ ಚಹಾ ಆರಿದ್ರೂ ಪಂಚನಾಮೆ ಆಗಬೇಕು" ಎಂದು ನಮ್ಮ ಮನೆಯವರು ಅನ್ನುವುದುಂಟು.

ಈ ಮೊದಲು ನಾನು ಪ್ರಕಟಣೆಗೆಂದು ಒಂದು ಸಾಲನ್ನೂ ಬರೆದವಳಲ್ಲ. ಪುಣೆಯ ನಮ್ಮ ಕನ್ನಡ ಸಂಘದ ವಾರ್ಷಿಕ ಸಂಚಿಕೆಗೆ ಏನಾದರೂ ಹಗುರವಾಗಿ ಬರೆದುಕೊಡಿ ಎಂದು ಕೇಳಿದ್ದಾರೆ. ಹಗುರವಾಗಿ ಬರೆಯುವ ವಿಧಾನದ ಕುರಿತು ಯಾವ ಸುತ್ತೋಲೆಯೂ ನನ್ನ ಬಳಿ ಇಲ್ಲ. ನಾನು ಬಲ್ಲದ್ದು ಪತ್ರವ್ಯವಹಾರ ಮಾತ್ರ. ನಿಗಡಿಯಿಂದ ಎರಡು ಬಸ್ಸು ಬದಲಿಸಿ ಮಾರ್ಕೆಟ್ ಯಾರ್ಡಿಗೆ ಬಂದು, ಬಾಳೆಹಣ್ಣಿನ ಸಗಟು ವ್ಯಾಪಾರಿಯೊಬ್ಬರ ಕಚೇರಿಯಲ್ಲಿ ಹತ್ತೊಂಬತ್ತು ವರ್ಷಗಳಿಂದ ಮರಾಠಿಯಲ್ಲೂ ಇಂಗ್ಲಿಷಿನಲ್ಲೂ ಕಾಗದ ಬರೆಯುತ್ತಿದ್ದೇನೆ. ಕನ್ನಡದಲ್ಲಿ ಕಾಗದ ಬರೆಯುವುದನ್ನು ಕಲಿಸಿದವರು ನನ್ನ ಅಪ್ಪ. ಆದ್ದರಿಂದ ಭಾಷೆಯಲ್ಲಿ ಬಿಗಿ ಕಂಡುಬಂದಲ್ಲಿ ಮನ್ನಿಸಬೇಕಾಗಿ ವಿನಂತಿ. ನಾನು ಇಲ್ಲಿ ನಿವೇದಿಸಬೇಕಾಗಿರುವುದು ಚಹಾದ ವಿಚಾರವನ್ನಲ್ಲ. ನಾನು ಬರೆದ ಒಂದು ನೋಟೀಸಿನಿಂದ ಮಲ್ಲಪ್ಪ ಎಂಬ ಹಿರಿಯರ ಕೆಲಸ ಹೋಗುವ ಹಂತಕ್ಕೆ ಬಂದಿತ್ತು, ಆ ವಿಚಾರವನ್ನು. ಆದರೆ ಹಿನ್ನೆಲೆಯನ್ನು ಬಿಟ್ಟು ಪ್ರಕರಣವನ್ನು ಮಂಡಿಸುವ ಪದ್ಧತಿ ನಮ್ಮ ಮನೆತನದಲ್ಲಿಲ್ಲ.

ಅಪ್ಪ ಧಾರವಾಡದ ಕಚೇರಿಯೊಂದರ ಹೊರಗೆ, ಬೇವಿನ ಮರದ ಕೆಳಗೆ, ಮಡಚುವ ಮೇಜು ಹಾಕಿಕೊಂಡು ಅರ್ಜಿ ಬರೆಯುತ್ತಿದ್ದರು. ಶಾಲೆಗೆ ಸೂಟಿ ಇದ್ದಾಗ ನಾನು ಮೇಜಿನ ಪಕ್ಕದಲ್ಲಿ ಕುಳಿತು ಕಾರ್ಬನ್ ಕಾಗದ ಜೋಡಿಸಿಕೊಡುತ್ತಿದ್ದೆ. ಅಪ್ಪನದೊಂದು ನಿಯಮವಿತ್ತು: ಎದುರುದಾರರಿಲ್ಲದ ಅರ್ಜಿಯೇ ಇಲ್ಲ. ಒಮ್ಮೆ ಒಬ್ಬರು ಬಂದು ತಮ್ಮ ಮನೆಯ ಗೋಡೆ ಬಿದ್ದಿದೆ ಎಂದರು. ಬೀಳಿಸಿದವರು ಯಾರು ಎಂದು ಅಪ್ಪ ಕೇಳಿದರು. ಯಾರೂ ಇಲ್ಲ, ಮಳೆಗೆ ಬಿತ್ತು ಎಂದರು ಅವರು. ಅಪ್ಪ ಪೆನ್ನಿನ ಟೊಪ್ಪಿಗೆ ಮುಚ್ಚಿ, "ಮಳಿ ಮ್ಯಾಲೆ ಅರ್ಜಿ ಹಾಕಲಿಕ್ಕೆ ಬರೂದಿಲ್ಲ. ಬಾಜೂ ಮನಿಯವರ ಬಚ್ಚಲದ ನೀರು ಯಾವ ಕಡೆ ಹರೀತದ, ಅದನ್ನ ಹೇಳ್ರಿ" ಎಂದರು. ಹತ್ತು ನಿಮಿಷದಲ್ಲಿ ಎದುರುದಾರರು ದೊರೆತರು. ಅಂದಿನಿಂದ, ಏನಾದರೂ ಘಟಿಸಿದ್ದರೆ ಅದನ್ನು ಮಾಡಿದವರೊಬ್ಬರು ಎಲ್ಲೋ ಇದ್ದೇ ಇರುತ್ತಾರೆ ಎಂಬುದು ನನ್ನ ರಕ್ತದಲ್ಲಿ ಸೇರಿಹೋಯಿತು.

ಉದಾಹರಣೆಗೆ ನಮ್ಮ ಬಚ್ಚಲಮನೆಯ ತಾಮ್ರದ ಹಂಡೆ. ಬೆಳಗಿನ ಸರದಿಯಲ್ಲಿ ನನ್ನದು ಕೊನೆಯದು. ಆ ವೇಳೆಗೆ ಒಲೆ ಆರಿ, ನೀರು ಉಗುರು ಬೆಚ್ಚಗೂ ಇರುತ್ತಿರಲಿಲ್ಲ. ನನಗಿಂತ ಮೊದಲು ಮೀಯುವ ಅಣ್ಣ ಬೇಕೆಂದೇ ತಣ್ಣೀರು ಸುರಿಯುತ್ತಾನೆಂದು ನನಗೆ ದೃಢವಾದ ಸಂಶಯ. ಹಂಡೆಯ ನೀರಿನ ಮಟ್ಟಕ್ಕೆ ಒಳಗಡೆ ಸುಣ್ಣದ ಗೆರೆ ಎಳೆದು ನೋಡಿದೆ. ಮಟ್ಟ ಇಳಿಯಿತೇ ಹೊರತು ಏರಲಿಲ್ಲ. ಗೆರೆಯನ್ನೇ ಒರೆಸಿ ಮೇಲೆ ಎಳೆದಿದ್ದಾನೆ ಎಂದು ತೀರ್ಮಾನಿಸಿ ಅಪ್ಪನಿಗೆ ಲಿಖಿತ ದೂರು ಸಲ್ಲಿಸಿದೆ. ಅಪ್ಪ ಅದನ್ನು ಓದಿ, ಕಾಗುಣಿತದ ಎರಡು ತಪ್ಪು ತಿದ್ದಿ, ದೂರಿನ ನಮೂನೆ ಚೆನ್ನಾಗಿದೆ ಎಂದು ಬೆನ್ನು ತಟ್ಟಿದರು. ದೂರಿನ ವಿಚಾರಣೆ ಮಾತ್ರ ಇಂದಿಗೂ ಬಾಕಿ ಇದೆ.

ಹೈಸ್ಕೂಲಿನಲ್ಲಿ ಭೌತಶಾಸ್ತ್ರದ ಮಾಸ್ತರರು ಈ ನನ್ನ ನಂಬಿಕೆಗೆ ಮೊದಲ ಬಾರಿ ಅಡ್ಡ ಬಂದರು. ಅವರು ಗಾಜಿನ ಲೋಟದ ನೀರಿಗೆ ಒಂದು ಹನಿ ಮಸಿ ಬಿಟ್ಟು, ಕೈ ಕಟ್ಟಿಕೊಂಡು ನಿಂತರು. ಮಸಿ ದಾರದಂತೆ ಇಳಿದು, ಹೊಗೆಯಂತೆ ಹರಡಿ, ತಾಸು ಮುಗಿಯುವಷ್ಟರಲ್ಲಿ ಲೋಟವೆಲ್ಲ ನೀಲಿಯಾಯಿತು. ಕಣಗಳು ಸದಾ ಓಡಾಡುತ್ತಿರುತ್ತವೆ, ಒಂದಕ್ಕೊಂದು ಬಡಿಯುತ್ತಿರುತ್ತವೆ, ಬಿಸಿ ಎಂದರೆ ಆ ಓಟದ ಜೋರು, ಬೇರೇನೂ ಅಲ್ಲ ಎಂದರು. ಜೋರಾಗಿ ಓಡುವವು ಮೆಲ್ಲಗೆ ಓಡುವವಕ್ಕೆ ಬಡಿದು ತಮ್ಮ ಜೋರನ್ನು ಹಂಚಿಬಿಡುತ್ತವೆ. ಆದ್ದರಿಂದ ಬಿಸಿಯಾದದ್ದು ಆರುತ್ತದೆ, ಕೂಡಿದ್ದು ಹರಡುತ್ತದೆ. ಹರಡಿದ್ದು ತಾನಾಗಿ ಕೂಡುವುದಿಲ್ಲ. ಈ ಹರಡುವಿಕೆಯ ಅಳತೆಗೆ ಎಂಟ್ರೊಪಿ ಎಂದು ಹೆಸರು, ಅದು ತನ್ನಷ್ಟಕ್ಕೆ ಹೆಚ್ಚುತ್ತಲೇ ಹೋಗುತ್ತದೆ ಎಂದರು. ನಾನು ಎದ್ದು ನಿಂತು, ಈ ಕಣಗಳನ್ನು ಓಡಿಸುವವರು ಯಾರು ಎಂದು ಕೇಳಿದೆ.

"ಯಾರೂ ಓಡಸಂಗಿಲ್ಲ ತಂಗಿ. ತಾವ ಅಡ್ಡಾಡ್ತಾವ."

ಇಡೀ ತರಗತಿ ನಕ್ಕಿತು. ನಾನು ಕುಳಿತೆನಾದರೂ ಒಪ್ಪಲಿಲ್ಲ. ಪರೀಕ್ಷೆಯಲ್ಲಿ ಇದೇ ಪ್ರಶ್ನೆ ಬಂದಾಗ, "ಸದರಿ ಕಣಗಳ ಚಲನೆಗೆ ಕಾರಣರಾದವರ ವಿವರ ಲಭ್ಯವಿರುವುದಿಲ್ಲ" ಎಂದು ಬರೆದು ಐದಕ್ಕೆ ಒಂದು ಅಂಕ ಪಡೆದೆ. ಆ ಒಂದು ಅಂಕವನ್ನು ಯಾವುದಕ್ಕೆ ಕೊಟ್ಟರು ಎಂಬ ಬಗ್ಗೆಯೂ ನನಗೆ ಸಂಶಯವಿದೆ.

ಈಗ ಪ್ರಕರಣಕ್ಕೆ ಬರುತ್ತೇನೆ.

ನಮ್ಮಲ್ಲಿಗೆ ಬಾಳೆ ಬರುವುದು ಹಸಿರು ಕಾಯಿಯಾಗಿ. ಅದನ್ನು ಕ್ರೇಟುಗಳಲ್ಲಿ ತುಂಬಿ, ಚೇಂಬರ್ ಎಂದು ನಾವು ಕರೆಯುವ ತಂಪು ಕೋಣೆಯಲ್ಲಿ ಸೀಲಿಂಗಿನವರೆಗೆ ಒಟ್ಟಿ, ಗ್ಯಾಸು ಬಿಟ್ಟು, ನಾಲ್ಕೈದು ದಿನಗಳಲ್ಲಿ ಹಣ್ಣು ಮಾಡುತ್ತಾರೆ. ಈ ಚೇಂಬರಿನ ಉಸ್ತುವಾರಿ ಮೊದಲಿನಿಂದಲೂ ಮಲ್ಲಪ್ಪನವರದು. ಗೋಕಾಕದ ಕಡೆಯವರು, ಅರವತ್ತರ ಸಮೀಪದ ವಯಸ್ಸು, ನನಗಿಂತ ಎಷ್ಟೋ ದೊಡ್ಡವರಾದರೂ ನನ್ನನ್ನು ಅಕ್ಕಾರ ಎಂದೇ ಕರೆಯುವರು. ಓದು ಬರಹ ಇಲ್ಲ, ಸಹಿ ಮಾತ್ರ ಮಾಡುತ್ತಾರೆ. ಚೇಂಬರಿನ ಕೀಲಿಕೈ ಸದಾ ಅವರ ಸೊಂಟದಲ್ಲಿ. ಅವರದೊಂದು ವಿಚಿತ್ರ ರೂಢಿಯಿತ್ತು. ದಿನಕ್ಕೆ ಎರಡು ಸಲ ಒಳಗೆ ಹೋಗಿ, ಕ್ರೇಟಿನ ನಡುವಿನಿಂದ ಒಂದು ಕಾಯಿ ಮುರಿದು, ಅದನ್ನು ಗಲ್ಲಕ್ಕೆ ಒತ್ತಿಕೊಂಡು ಕಣ್ಣು ಮುಚ್ಚಿ ನಿಲ್ಲುವರು. ಬಳಿಕ ಹೊರಗೆ ಬಂದು ತಂಪು ಮಾಡುವ ಯಂತ್ರದ ಗುಂಡಿಯನ್ನು ಇಷ್ಟು ತಿರುಗಿಸುವರು. ಬಾಳೆಕಾಯಿಗೆ ಮುದ್ದು ಮಾಡುವ ಮನುಷ್ಯನನ್ನು ನಾನು ಬೇರೆಲ್ಲೂ ಕಂಡಿರಲಿಲ್ಲವಾದ್ದರಿಂದ, ಇದರಲ್ಲಿ ಏನೋ ಇದೆ ಎಂದು ನನಗೆ ಅನ್ನಿಸುತ್ತಿತ್ತು.

ಕಳೆದ ಬೇಸಿಗೆಯಲ್ಲಿ ನಮ್ಮ ಶೇಠರು ಹೊಸ ಯಂತ್ರ ಹಾಕಿಸಿದರು. ಶೇಠರು ಈಗ ಊರಿನ ಇನ್ನೊಂದು ತುದಿಯ ಖರಾಡಿಯಲ್ಲಿ ಮಗನ ಮನೆಯಲ್ಲಿರುತ್ತಾರೆ; ಅಲ್ಲಿಂದಲೇ ಚೇಂಬರಿನ ಶಾಖವನ್ನು ಮೊಬೈಲಿನಲ್ಲಿ ಗೆರೆಯ ರೂಪದಲ್ಲಿ ನೋಡುವ ವ್ಯವಸ್ಥೆ. ಇನ್ನು ಮುಂದೆ ಶಾಖವನ್ನು ಹದಿನಾರು ಡಿಗ್ರಿಗೆ ಇಡತಕ್ಕದ್ದು, ಯಾರೂ ಗುಂಡಿಯನ್ನು ಮುಟ್ಟತಕ್ಕದ್ದಲ್ಲ ಎಂದು ಆಜ್ಞೆಯಾಯಿತು. ಆಜ್ಞೆಯನ್ನು ನಾನೇ ಬರೆದು ಬಾಗಿಲಿಗೆ ಅಂಟಿಸಿದೆ. ಅದರ ಮರುವಾರದಿಂದಲೇ ಶೇಠರ ಫೋನುಗಳು ಶುರುವಾದವು. ಗೆರೆ ಎರಡು ದಿನ ನೆಟ್ಟಗೆ ಹೋಗಿ, ಮೂರನೆಯ ದಿನ ಮಧ್ಯಾಹ್ನ ಮೇಲೇಳುತ್ತಿತ್ತು. ಹದಿನಾರು ಹದಿನೆಂಟಾಗುತ್ತಿತ್ತು, ಹತ್ತೊಂಬತ್ತಾಗುತ್ತಿತ್ತು. ಹಣ್ಣು ಒಮ್ಮೆಲೇ ಮೆತ್ತಗಾಗಿ ಮಾಲು ಕೆಡುತ್ತಿತ್ತು.

ಮಧ್ಯಾಹ್ನ ಎಂಬ ಶಬ್ದವೇ ನನಗೆ ಸಾಕಾಯಿತು. ಹೊರಗೆ ಡಾಂಬರು ಕರಗುವ ಬಿಸಿಲು. ಒಳಗೆ ಗುಡ್ಡದ ಮೇಲಿನಂಥ ತಂಪು. ಕೀಲಿ ಒಬ್ಬರ ಸೊಂಟದಲ್ಲಿ. ಊಟವಾದ ಮೇಲೆ ಆ ಒಬ್ಬರು ಚೇಂಬರಿನೊಳಗೆ ಹೋಗಿ ಅಡ್ಡಾಗುತ್ತಾರೆ, ಬಾಗಿಲನ್ನು ಗಾಳಿಗೆ ತುಸು ತೆರೆದಿಡುತ್ತಾರೆ, ಬಿಸಿ ಒಳಗೆ ನುಗ್ಗುತ್ತದೆ. ಎದುರುದಾರರು ದೊರೆತರು. ಶೇಠರಿಗೆ ಇದನ್ನು ಸೂಚಿಸಿದವಳು ನಾನೇ ಎಂಬುದನ್ನು ಇಲ್ಲಿ ಮುಚ್ಚಿಡಲಾರೆ. ನೋಟೀಸು ಕೊಡಿ, ಉತ್ತರ ಸರಿಯಿರದಿದ್ದರೆ ಲೆಕ್ಕ ಮುಗಿಸಿ ಕಳಿಸಿ ಎಂದರು ಶೇಠರು.

ನೋಟೀಸನ್ನು ಮರಾಠಿಯಲ್ಲಿ ಬರೆದೆ; ಒಳ್ಳೆಯ ನೋಟೀಸು. ತಮ್ಮ ಮೇಲೆ ಯಾಕೆ ಕ್ರಮ ಜರುಗಿಸಬಾರದು ಎಂಬುದಕ್ಕೆ ಮೂರು ದಿನಗಳೊಳಗೆ ಲಿಖಿತ ಸಮಜಾಯಿಷಿ ಕೊಡತಕ್ಕದ್ದು, ಅಲ್ಲಿಯವರೆಗೆ ಚೇಂಬರಿನ ಕೀಲಿಯನ್ನು ಕಚೇರಿಗೆ ಒಪ್ಪಿಸತಕ್ಕದ್ದು ಎಂದಿತ್ತು. ಮಲ್ಲಪ್ಪನವರನ್ನು ಕರೆದು ಕನ್ನಡದಲ್ಲಿ ಓದಿ ಹೇಳಿದೆ. ಅವರು ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದು ಪೂರ್ತಿ ಕೇಳಿದರು.

"ನಾ ಒಳಗ ಮಲಗಿಲ್ರಿ ಅಕ್ಕಾರ. ಕಾಯಿ ತಾವ ಬಿಸಿ ಆಗ್ತಾವ್ರಿ. ಮೂರನೇ ದಿನ ಅವಕ್ಕ ಜ್ವರಾ ಬಂದಂಗ ಬರತೈತಿ. ಅದಕ್ಕ ನಾ ಎರಡನೇ ದಿನಾನ ಗುಂಡಿ ಇಳಸತಿದ್ನಿ."

ಹೈಸ್ಕೂಲಿನ ತರಗತಿ ನಕ್ಕದ್ದು ನನಗೆ ಆ ಕ್ಷಣ ಕೇಳಿಸಿದಂತಾಯಿತು. ತಂಪು ಕೋಣೆಯಲ್ಲಿಟ್ಟ ಕಾಯಿ ತಾನಾಗಿ ಬಿಸಿಯಾಗುವುದೆಂದರೆ ಏನು? ಬಿಸಿಯಾದದ್ದು ಆರುತ್ತದೆ ಎಂದು ಮಾಸ್ತರರೇ ಹೇಳಿದ್ದರಲ್ಲ. ಬಾಳೆಕಾಯಿಗೆ ಜ್ವರ ಎಂದು ಕಚೇರಿಯ ಕಡತದಲ್ಲಿ ಬರೆಯಲು ಬರುವುದಿಲ್ಲ, ಏನಿದ್ದರೂ ಬರಹದಲ್ಲಿ ಕೊಡಬೇಕು ಎಂದೆ.

"ಬರೀಲಿಕ್ಕೆ ಬಂದಿದ್ರ ನಾ ಯಾಕ ಕಾಯಿ ಎತ್ತತಿದ್ನಿರಿ" ಎಂದು ಅವರು ಸೊಂಟದಿಂದ ಕೀಲಿ ಬಿಚ್ಚಿ ಮೇಜಿನ ಮೇಲಿಟ್ಟು ಹೋದರು. ಕಡತದಲ್ಲಿ ನಾನು "ಲಿಖಿತ ಸಮಜಾಯಿಷಿ ಸ್ವೀಕೃತವಾಗಿಲ್ಲ" ಎಂದು ನಮೂದಿಸಿದೆ. ಅದು ಸುಳ್ಳಾಗಿರಲಿಲ್ಲ.

ಮರುದಿನ ಚೇಂಬರಿಗೆ ಕಾಯಿಯ ಹೊಸ ಲಾಟು ತುಂಬಿತು. ಈ ಬಾರಿ ಸಾಕ್ಷ್ಯ ಪಕ್ಕಾ ಆಗಬೇಕೆಂದು, ನಾನೇ ಬೀಗ ಹಾಕಿ, ಬಾಗಿಲಿಗೂ ಚೌಕಟ್ಟಿಗೂ ಕೂಡಿ ಕಾಗದದ ಪಟ್ಟಿ ಅಂಟಿಸಿ, ಅದರ ಮೇಲೆ ಸಹಿ ಮಾಡಿ ಕಚೇರಿಯ ಮೊಹರು ಒತ್ತಿದೆ. ಗ್ಯಾಸು ಬಿಡುವುದೂ ಗಾಳಿ ಬದಲಿಸುವುದೂ ಈಗ ಯಂತ್ರದಿಂದಲೇ ಆಗುವುದರಿಂದ ಬಾಗಿಲು ತೆರೆಯುವ ಪ್ರಮೇಯವಿರಲಿಲ್ಲ. ಕೀಲಿ ಇಟ್ಟು ಹೋದ ಮಲ್ಲಪ್ಪನವರು ಯಾರ್ಡಿನ ಕಡೆಗೇ ಬಂದಿರಲಿಲ್ಲ. ಕೀಲಿ ನನ್ನ ಪರ್ಸಿನಲ್ಲಿ. ಪರ್ಸು ನನ್ನ ಮಡಿಲಲ್ಲಿ. ಬಸ್ಸಿನಲ್ಲಿ ಪಕ್ಕದ ಸೀಟಿನ ಹೆಂಗಸು ಸಮಯ ಕೇಳಿದರೂ ಪರ್ಸನ್ನು ಇನ್ನೊಂದು ಬದಿಗೆ ಸರಿಸುತ್ತಿದ್ದೆ.

ಮೂರನೆಯ ದಿನ ಮಧ್ಯಾಹ್ನ ಬಾಗಿಲ ಹೊರಗಿನ ಅಂಕಿ ಹದಿನೇಳಾಯಿತು. ಪಟ್ಟಿ ಹರಿದಿರಲಿಲ್ಲ, ಮೊಹರು ಮಾಸಿರಲಿಲ್ಲ. ಹದಿನೆಂಟಾಯಿತು. ಶೇಠರ ಬಳಿ ಎರಡನೆಯ ಕೀಲಿ ಇರಬಹುದೆಂದು ಮೊದಲು ಅವರನ್ನೇ ಸಂಶಯಿಸಿದೆ. ಆದರೆ ಅವರು ಖರಾಡಿಯಿಂದಲೇ, ಮೊಬೈಲಿನಲ್ಲಿ ಗೆರೆ ಏರುವುದನ್ನು ನೋಡುತ್ತ, ನನ್ನೊಡನೆ ಮಾತಾಡುತ್ತಿದ್ದರು. ಬಳಿಕ ಯಂತ್ರ ಹಾಕಿದವನನ್ನು ಸಂಶಯಿಸಿದೆ, ಬಳಿಕ ಇಲಿಗಳನ್ನು. ಇಲಿಗಳ ಮೇಲಿನ ಆರೋಪ ನಿಲ್ಲದಾದಾಗ ಉಳಿದದ್ದು ಒಂದೇ ಹೆಸರು. ಕೀಲಿ ಯಾರ ಬಳಿಯಿತ್ತು? ನನ್ನ ಬಳಿ. ಪಟ್ಟಿಯ ಮೇಲಿನ ಸಹಿ ಯಾರದು? ನನ್ನದು. ನನ್ನದೇ ನೋಟೀಸಿನ ತರ್ಕದ ಪ್ರಕಾರ ಆ ಮಧ್ಯಾಹ್ನ ಚೇಂಬರಿನಲ್ಲಿ ಮಲಗಿದ್ದವಳು ನಾನೇ ಆಗಬೇಕಿತ್ತು. ಹಿಂದಿನ ಎರಡು ಮಧ್ಯಾಹ್ನಗಳಲ್ಲಿ ಊಟದ ಬಳಿಕ ನಾನು ಎಲ್ಲೆಲ್ಲಿದ್ದೆ ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ನೋಡಿಕೊಂಡೆ ಎಂದರೆ ಓದುಗರು ನಗಬಾರದು.

ಪಟ್ಟಿ ಹರಿದೆ. ಬಾಗಿಲು ತೆರೆದು, ಗ್ಯಾಸು ಹೊರಹೋಗಲೆಂದು ಕೆಲಹೊತ್ತು ಬಿಟ್ಟು ಒಳಗೆ ಹೋದೆ. ಹತ್ತೊಂಬತ್ತು ವರ್ಷಗಳಲ್ಲಿ ನಾನು ಆ ಹೊಸ್ತಿಲನ್ನು ದಾಟಿದ್ದು ಬೆರಳೆಣಿಕೆಯಷ್ಟು ಸಲ. ಮುಖಕ್ಕೆ ಬಡಿದ ಗಾಳಿ ತಂಪಾಗಿತ್ತು. ಕ್ರೇಟಿನ ಅಂಚು ತಂಪಾಗಿತ್ತು. ಮೇಲಿನ ಕಾಯಿ ತಂಪಾಗಿತ್ತು. ಸುತ್ತ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಸೀರೆಯ ಸೆರಗು ಸಿಕ್ಕಿಸಿ, ಕೈಯನ್ನು ಗೊನೆಗಳ ನಡುವೆ ಮೊಣಕೈವರೆಗೆ ಇಳಿಸಿದೆ. ಅಲ್ಲಿ ಬೆಚ್ಚಗಿತ್ತು. ಹೊದಿಕೆಯೊಳಗೆ ಮಗು ಮಲಗಿ ಎದ್ದ ಜಾಗದ ಬೆಚ್ಚಗೆ. ಒಂದು ಕಾಯಿ ಮುರಿದು ಗಲ್ಲಕ್ಕೆ ಒತ್ತಿಕೊಂಡೆ. ಜ್ವರ.

ಹೊಸ ಯಂತ್ರದೊಂದಿಗೆ ಬಂದ ಕೈಪಿಡಿ ನನ್ನ ಕಪಾಟಿನಲ್ಲೇ ಇತ್ತು. ಅದರ ಮೇಲೆ ಆವಕ ಸಂಖ್ಯೆ ಹಾಕಿ, ಪ್ಲಾಸ್ಟಿಕ್ ಹೊದಿಕೆಯನ್ನು ಬಿಚ್ಚದೆ ಜೋಡಿಸಿಟ್ಟವಳು ನಾನೇ. ಅಂದು ಬಿಚ್ಚಿದೆ. ಕೊಯ್ದ ಕಾಯಿಯೂ ಉಸಿರಾಡುತ್ತದೆ ಎಂದು ಅದರಲ್ಲಿತ್ತು. ಹಣ್ಣಾಗುವಾಗ ಉಸಿರಾಟ ಹೆಚ್ಚಿ, ಒಳಗಿನ ಸಕ್ಕರೆ ಬೆಂಕಿಯಿಲ್ಲದೆ ಮೆಲ್ಲಗೆ ಉರಿದಂತಾಗಿ, ಕಣಗಳ ಓಟ ಜೋರಾಗುತ್ತದೆ. ಒತ್ತಾಗಿ ಒಟ್ಟಿದ ಕ್ರೇಟುಗಳ ನಡುವಿನಿಂದ ಆ ಬಿಸಿ ಬೇಗ ಹೊರಬೀಳದು. ಆದ್ದರಿಂದ ಅದು ಏರುವ ಮೊದಲೇ ಯಂತ್ರದ ಶಾಖವನ್ನು ಇಳಿಸುತ್ತ ಹೋಗತಕ್ಕದ್ದು. ಹೀಗೆ ಒಂದೂವರೆ ಪುಟದಲ್ಲಿದ್ದದ್ದನ್ನು ಮಲ್ಲಪ್ಪನವರು ನನ್ನ ಮೇಜಿನ ಎದುರಿಗೆ ಮೂರು ವಾಕ್ಯಗಳಲ್ಲಿ ಹೇಳಿದ್ದರು. ಮಾಸ್ತರರೂ ಸುಳ್ಳು ಹೇಳಿರಲಿಲ್ಲ. ಆರುವ ಚಹಾದೊಳಗೆ ಯಾರೂ ಉಸಿರಾಡುತ್ತಿರುವುದಿಲ್ಲ, ಅಷ್ಟೇ.

ಶೇಠರಿಗೆ ಫೋನು ಮಾಡಿ ವರದಿ ಒಪ್ಪಿಸಿದೆ. ಅವರು, ಹಾಗಾದರೆ ಕಾಗದಗೀಗದ ಬೇಡ, ಬಾ ಎಂದು ಕರೆಯಿರಿ, ಬರುತ್ತಾನೆ ಎಂದರು. ನನಗೆ ಅದು ಸರಿ ಕಾಣಲಿಲ್ಲ. ಬರಹದಲ್ಲಿ ಹೋದದ್ದು ಬರಹದಲ್ಲೇ ಹಿಂದಿರುಗಬೇಕು. ಪುಣೆಯಲ್ಲಿ ಮೊಟ್ಟಮೊದಲ ಬಾರಿಗೆ ಕಚೇರಿಯ ಕಾಗದವೊಂದನ್ನು ಕನ್ನಡದಲ್ಲಿ ಬರೆದೆ. ಸದರಿ ನೋಟೀಸನ್ನು ಹಿಂಪಡೆಯಲಾಗಿದೆ, ತಪ್ಪು ಗ್ರಹಿಕೆ ಉಂಟಾಗಿದ್ದಕ್ಕೆ ವಿಷಾದಿಸಲಾಗಿದೆ ಎಂದು ಬರೆದು, ಕೆಳಗೆ ಮಾಲೀಕರ ಪರವಾಗಿ ಸಹಿ ಮಾಡಿ, ಮೊಹರು ಒತ್ತಿ, ಅವರನ್ನು ಹುಡುಕಿಕೊಂಡು ಹೊರಟೆ.

ಮಲ್ಲಪ್ಪನವರು ಯಾರ್ಡಿಗೆ ಮರಳಿ, ಈರುಳ್ಳಿಯ ಸಾಲಿನಲ್ಲಿ ಬೇರೆ ವ್ಯಾಪಾರಿಯ ಲಾರಿಯಿಂದ ಚೀಲ ಇಳಿಸುತ್ತಿದ್ದರು. ಆ ವಯಸ್ಸಿನ ಬೆನ್ನಿನ ಮೇಲೆ ಆ ಚೀಲವನ್ನು ನೋಡಿದ ಮೇಲೆ ನನ್ನ ಕೈಯ ಕಾಗದ ತುಂಬ ಹಗುರವೆನಿಸಿತು. ಅವರು ಚೀಲ ಇಳಿಸಿ ಬಂದು ನಿಂತರು. ಬೆವರಿನಿಂದ ಅಂಗಿ ಮೈಗೆ ಅಂಟಿತ್ತು. ನಾನು ಹಮಾಲರ ಗದ್ದಲದ ನಡುವೆ ಕಾಗದವನ್ನು ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿದೆ.

"ಇದ್ರಾಗ ನನ್ನ ಹೆಸರ ನಾಕ ಸಲ ಬಂತ್ರಿ" ಎಂದರು ಅವರು. "ತಪ್ಪ ಮಾಡಿದವ್ರ ಹೆಸರ ಎಲ್ಲಿ ಐತ್ರಿ?"

ನಾನು ಕಾಗದವನ್ನು ಇನ್ನೊಮ್ಮೆ ನೋಡಿದೆ. ಎಲ್ಲಿಯೂ ಇರಲಿಲ್ಲ. ಜೀವಮಾನವಿಡೀ ಎದುರುದಾರರನ್ನು ಹುಡುಕಿಕೊಂಡು ಬಂದವಳು, ದೊರೆತ ಎದುರುದಾರರನ್ನು ಕಾಗದದಲ್ಲಿ ಎಲ್ಲಿಯೂ ಕಾಣಿಸದಂತೆ ಬಚ್ಚಿಟ್ಟಿದ್ದೆ.

"ತಪ್ಪು ನಂದರಿ, ಮಲ್ಲಪ್ಪನವರ. ಶೇಠರಿಗೆ ಹೇಳಿದಾಕಿ ನಾನ. ನೀವು ಖರೇ ಹೇಳಿದಾಗ ಬರಕೊಳ್ಳದಾಕೀನೂ ನಾನ."

"ಅದನ್ನ ಬರೀರಿ ಮತ್ತ."

ಈರುಳ್ಳಿಯ ಚೀಲದ ಮೇಲೆ ಕಾಗದವನ್ನಿಟ್ಟು, ಮೊಹರಿನ ಪಕ್ಕದಲ್ಲಿ ಉಳಿದಿದ್ದ ಸಣ್ಣ ಜಾಗದಲ್ಲಿ, ತಪ್ಪು ಮಾಡಿದವಳು ನಾನು ಎಂದು ಬರೆದು ನನ್ನ ಪೂರ್ಣ ಹೆಸರು ಹಾಕಿದೆ. ಕಚೇರಿಯ ಕಾಗದದಲ್ಲಿ ನಾನು ಎಂಬ ಶಬ್ದವನ್ನು ಅದಕ್ಕೂ ಮೊದಲು ಬರೆದ ನೆನಪು ನನಗಿಲ್ಲ, ಅಕ್ಷರ ಸೊಟ್ಟಗಾಗಿತ್ತು. ಅವರು ಕಾಗದವನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಒಳಜೇಬಿನಲ್ಲಿ ಇಟ್ಟುಕೊಂಡು, ಈ ಲಾರಿಯವರಿಗೆ ಮಾತು ಕೊಟ್ಟಾಗಿದೆ, ಸೋಮವಾರ ಬರುತ್ತೇನೆ ಎಂದು ಮತ್ತೆ ಚೀಲದ ಕಡೆಗೆ ನಡೆದರು.

ಸೋಮವಾರ ಬಂದರು. ಬಾಗಿಲಿನ ಮೇಲಿನ ನನ್ನ ಆಜ್ಞೆಯನ್ನು ನಾನೇ ಕಿತ್ತು ತೆಗೆದಿದ್ದೆ. ಗುಂಡಿ ಮತ್ತೆ ಅವರ ವಶಕ್ಕೆ ಬಂತು. ಶೇಠರ ಮೊಬೈಲಿನ ಗೆರೆ ನೆಟ್ಟಗಾಯಿತು. ಆ ಪ್ರಕಾರವಾಗಿ ಪ್ರಕರಣ ಮುಕ್ತಾಯವಾಗಿದೆ ಎಂದು ಕಡತದಲ್ಲಿ ನಮೂದಿಸಿದೆ. ಆದರೆ ಅಂದು ಬೆಳಿಗ್ಗೆ ನಾನು ಡ್ರಾವರಿನಿಂದ ಕೀಲಿ ತೆಗೆದು ಮುಂದೆ ಹಿಡಿದಾಗ ಅವರು ಕೈ ಚಾಚಲಿಲ್ಲ.

"ಬ್ಯಾಡ್ರಿ ಅಕ್ಕಾರ. ನಿಮ್ಮ ಕಡೇನ ಇರ್ಲಿ. ನಾಳಿ ಮತ್ತೇನರ ಬಿಸಿ ಆದ್ರ, ಇಬ್ರೂ ಇದ್ವಿ ಅಂತ ಆಕ್ಕೈತಿ."

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನಾನು ಅದಕ್ಕೆ ಉತ್ತರ ಬರೆಯುತ್ತಿದ್ದೆ. ಎರಡನೆಯ ದಿನವೂ, ಮುಂದಿನ ವಾರವೂ ಕೀಲಿ ಮುಂದೆ ಹಿಡಿದೆ. ಅದೇ ಉತ್ತರ ಬಂತು. ಈಗ ಹಿಡಿಯುವುದನ್ನು ಬಿಟ್ಟಿದ್ದೇನೆ. ದಿನಕ್ಕೆ ಎರಡು ಸಲ ಅವರು ನನ್ನ ಮೇಜಿನ ಮುಂದೆ ಬಂದು, ಟೊಪ್ಪಿಗೆ ತೆಗೆದು, ಬರ್ರಿ ಅಕ್ಕಾರ ಎನ್ನುತ್ತಾರೆ. ನಾನು ಕೈಯಲ್ಲಿದ್ದ ಕೆಲಸ ಬಿಟ್ಟು ಎದ್ದು ಹೋಗಿ ಬೀಗ ತೆಗೆಯುತ್ತೇನೆ. ಅವರು ಪಕ್ಕಕ್ಕೆ ಸರಿದು ನಿಂತು, ಮೊದಲು ನನ್ನನ್ನು ಒಳಗೆ ಬಿಡುತ್ತಾರೆ.